ಮೈನರ್ ಸೂಟನ್ನು ಏರಿಸುವ ಬಗೆ: ಬ್ರಿಡ್ಜ್ ಆಟಗಾರರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದುದರಿಂದ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ. ಜೊತೆಗಾರರು 1 ಕ್ಲಬ್ ಅಥವಾ 1 ಡೈಮಂಡ್ ಎಂದು ಬಿಡ್ ತೆರೆದಾಗ ಅದೇ ಸೂಟಿನಲ್ಲಿ ನಮಗೆ ಬೆಂಬಲವಿದ್ದರೆ ಎಷ್ಟಕ್ಕೆ ಏರಿಸಬೇಕು, ಹಾಗೆ ಏರಿಸಿದ್ದರ ಅರ್ಥವೇನು ಎಂಬುದು ಆ ವಿಷಯ. ನಮ್ಮ ಭಾಗದ ಮನೆಗಳಲ್ಲಿ ಕಿಲವರ, ಚೌಕಟ, ಬದಾಮ, ಇಸ್ಪೀಕ ಎನ್ನುವ ರೂಢಿಯಿದ್ದರೂ ಬ್ರಿಡ್ಜ್ ಮೇಜಿನ ಮೇಲೆ ಎಲ್ಲರೂ ಕ್ಲಬ್, ಡೈಮಂಡ್, ಹಾರ್ಟ್, ಸ್ಪೇಡ್ ಎಂದೇ ಹೇಳುವುದರಿಂದ ಇಲ್ಲಿಯೂ ಅದನ್ನೇ ಬಳಸಿದ್ದೇನೆ. ಇವುಗಳಲ್ಲಿ ಕ್ಲಬ್, ಡೈಮಂಡ್ ಮೈನರ್ ಸೂಟುಗಳು; ಹಾರ್ಟ್, ಸ್ಪೇಡ್ ಮೇಜರ್ ಸೂಟುಗಳು. ಎಲೆಗಳನ್ನು ಮಾತ್ರ ನಮ್ಮ ಎಕ್ಕ, ರಾಜ, ರಾಣಿ, ಗುಲಾಮ ಎಂದೇ ಕರೆದಿದ್ದೇನೆ; ಅವುಗಳಿಗೆ ಕ್ರಮವಾಗಿ 4, 3, 2, 1 ಪಾಯಿಂಟ್. ಬಿಡ್ಡಿನ ಅಂಕೆಗೆ ಆರು ಕೂಡಿಸಿದಷ್ಟು ಟ್ರಿಕ್ (ಪಟ್ಟು) ಗೆಲ್ಲಬೇಕು, ತುರುಪಿಲ್ಲದೆ ಆಡುವುದೇ ನೋ ಟ್ರಂಪ್.

ಪ್ರಶ್ನೆ: ಸರ್, ಮಳೆಗಾಲದಲ್ಲಿ ನಾವು ನಾಲ್ಕು ಜನ ಗೆಳೆಯರು ಸಂಜೆ ಕೂಡಿ ಆಡುತ್ತೇವೆ. ಮೊನ್ನೆ ಜೊತೆಗಾರರು 1 ಡೈಮಂಡ್ ತೆರೆದರು. ನನ್ನ ಕೈಯಲ್ಲಿ ಸ್ಪೇಡ್ 7, 4, 2; ಹಾರ್ಟ್ ರಾಜ, ರಾಣಿ, 5; ಡೈಮಂಡ್ ರಾಜ, ಗುಲಾಮ, 8, 5, 3; ಕ್ಲಬ್ ಎಕ್ಕ, 8 ಇದ್ದವು. 13 ಪಾಯಿಂಟ್ ಇದ್ದುದರಿಂದ ನೇರವಾಗಿ 3 ನೋ ಟ್ರಂಪ್ ಎಂದೆ. ಎದುರಾಳಿ ಸ್ಪೇಡ್ ಇಳಿಸಿ ಮೊದಲ ಐದು ಟ್ರಿಕ್‌ಗಳನ್ನು ಎಳೆದುಕೊಂಡರು, ಒಂದು ಟ್ರಿಕ್ ಕಡಿಮೆ ಬಿತ್ತು. ಜೊತೆಗಾರರ ಕೈಯಲ್ಲಿ ಸ್ಪೇಡ್ 8, 5. ಹಾರ್ಟ್ ಎಕ್ಕ, ಗುಲಾಮ, 6. ಡೈಮಂಡ್ ಎಕ್ಕ, ರಾಣಿ, 7, 4. ಕ್ಲಬ್ ರಾಜ, 9, 6, 3 ಇದ್ದವು. ನಾನು ಬೇರೇನು ಹೇಳಬಹುದಿತ್ತು?
ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ನೀವು ಕಲಿತ ಪದ್ಧತಿಯ ಒಳಗೆ ನಿಮ್ಮದೇನೂ ತಪ್ಪಿಲ್ಲ ಎಂದು ಮೊದಲು ಹೇಳಿಬಿಡುತ್ತೇನೆ. ಸಾಮಾನ್ಯ ಪದ್ಧತಿಯಲ್ಲಿ 1 ಡೈಮಂಡಿಗೆ 2 ಡೈಮಂಡ್ ಎಂದರೆ 6ರಿಂದ 9 ಪಾಯಿಂಟ್, 3 ಡೈಮಂಡ್ ಎಂದರೆ 10ರಿಂದ 12 ಪಾಯಿಂಟ್. 13 ಪಾಯಿಂಟ್ ಮತ್ತು ಐದು ಡೈಮಂಡ್ ಇರುವ, ನಾಲ್ಕೆಲೆಯ ಮೇಜರ್ ಸೂಟ್ ಇಲ್ಲದ ಕೈಗೆ ಆ ಪದ್ಧತಿಯಲ್ಲಿ ಸರಿಯಾದ ಬಿಡ್ಡೇ ಇಲ್ಲ. ಒಂದೋ ಎರಡೇ ಎಲೆಯಿರುವ ಕ್ಲಬ್ಬನ್ನು ಉದ್ದನೆಯ ಸೂಟಿನಂತೆ ಹೇಳಿ ಸಮಯ ಕಳೆಯಬೇಕು, ಇಲ್ಲವೇ ಕಣ್ಣು ಮುಚ್ಚಿ 3 ನೋ ಟ್ರಂಪ್ ಎನ್ನಬೇಕು. ನೀವು ಎರಡನೆಯದನ್ನು ಮಾಡಿದಿರಿ.

ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಇನ್ವರ್ಟೆಡ್ ಮೈನರ್ ಎಂಬ ಕನ್ವೆನ್ಷನ್ (ಬಿಡ್ಡಿನ ಅರ್ಥದ ಬಗ್ಗೆ ಜೋಡಿಯ ಒಪ್ಪಂದ) ಹುಟ್ಟಿದೆ. ಇದರಲ್ಲಿ ಎರಡು ಬಿಡ್‌ಗಳ ಅರ್ಥ ಅದಲುಬದಲಾಗುತ್ತದೆ. 1 ಡೈಮಂಡಿಗೆ 2 ಡೈಮಂಡ್ ಎಂದರೆ 10 ಪಾಯಿಂಟ್ ಅಥವಾ ಅದಕ್ಕಿಂತ ಹೆಚ್ಚು, ಮೇಲಿನ ಮಿತಿ ಇಲ್ಲ. ಬಿಡ್ ತೆರೆದವರು ಪಾಸ್ ಹೇಳುವಂತಿಲ್ಲ. 3 ಡೈಮಂಡ್ ಎಂದರೆ ಪಾಯಿಂಟ್ ಕಡಿಮೆ, ಡೈಮಂಡ್ ಎಲೆಗಳು ಹೆಚ್ಚು. ಕ್ಲಬ್ಬಿಗೂ ಇದೇ ಕ್ರಮ.

ಬಲ ಇದ್ದಾಗ ಮೆಲ್ಲಗೆ ಹೋಗುವುದರ ಲಾಭ ಎಲ್ಲಿದೆ ಎಂಬುದನ್ನು ನಿಮ್ಮ ಕೈಯಲ್ಲೇ ನೋಡೋಣ. 2 ಡೈಮಂಡ್ ಎಂದು ಹೇಳಿದ ಮೇಲೆ 3 ನೋ ಟ್ರಂಪ್ ಮುಟ್ಟುವವರೆಗೆ 2 ಹಾರ್ಟ್, 2 ಸ್ಪೇಡ್, 2 ನೋ ಟ್ರಂಪ್, 3 ಕ್ಲಬ್, 3 ಡೈಮಂಡ್, 3 ಹಾರ್ಟ್, 3 ಸ್ಪೇಡ್ ಹೀಗೆ ಏಳು ಮೆಟ್ಟಿಲುಗಳು ಸಿಗುತ್ತವೆ. ಹಳೆಯ ಕ್ರಮದಲ್ಲಿ 3 ಡೈಮಂಡಿಗೆ ಜಿಗಿದರೆ ನಡುವೆ ಉಳಿಯುವುದು 3 ಹಾರ್ಟ್ ಮತ್ತು 3 ಸ್ಪೇಡ್ ಎರಡೇ. ಆ ಏಳು ಮೆಟ್ಟಿಲುಗಳನ್ನು ಇಬ್ಬರೂ ಸೇರಿ ಒಂದೇ ಪ್ರಶ್ನೆಗೆ ಬಳಸುತ್ತಾರೆ: ಉಳಿದ ಮೂರು ಸೂಟುಗಳಲ್ಲಿ ಎದುರಾಳಿಯ ಓಟವನ್ನು ತಡೆಯುವ ಎಲೆ ಯಾರ ಹತ್ತಿರ ಇದೆ? ತಡೆ ಇರುವ ಸೂಟನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹೇಳುತ್ತ ಹೋಗುತ್ತಾರೆ. ಯಾವ ಸೂಟನ್ನು ದಾಟಿ ಮುಂದೆ ಹೋದರೋ ಅದರಲ್ಲಿ ತಡೆ ಇಲ್ಲ ಎಂದು ಅರ್ಥವಾಗುತ್ತದೆ.

ನಿಮ್ಮ ಜೊತೆಗಾರರು 2 ಡೈಮಂಡಿಗೆ 2 ಹಾರ್ಟ್ ಎನ್ನುತ್ತಿದ್ದರು, ಏಕೆಂದರೆ ಅವರಿಗೆ ಹಾರ್ಟ್ ಎಕ್ಕ ಇದೆ. ನಿಮ್ಮಲ್ಲಿ ಸ್ಪೇಡ್ ತಡೆ ಇದ್ದಿದ್ದರೆ 2 ಸ್ಪೇಡ್ ಎನ್ನಬೇಕಿತ್ತು. ಇಲ್ಲದ ಕಾರಣ ಅದನ್ನು ದಾಟಿ 3 ಕ್ಲಬ್ ಎನ್ನುತ್ತಿದ್ದಿರಿ. ಈ ಒಂದು ಮಾತಿನಿಂದ ಜೊತೆಗಾರರಿಗೆ ಎರಡು ಸಂಗತಿ ತಿಳಿಯುತ್ತವೆ: ಕ್ಲಬ್ಬಿನಲ್ಲಿ ನಿಮಗೆ ತಡೆ ಇದೆ, ಸ್ಪೇಡಿನಲ್ಲಿ ಇಲ್ಲ. ಅವರ ಸ್ಪೇಡ್ 8 ಮತ್ತು 5. ಆದ್ದರಿಂದ ಅವರು 3 ನೋ ಟ್ರಂಪ್ ಎನ್ನದೆ 3 ಡೈಮಂಡಿಗೆ ಹಿಂತಿರುಗುತ್ತಿದ್ದರು. ಆಗ ನಿಮಗೂ ಚಿತ್ರ ಪೂರ್ತಿಯಾಗುತ್ತದೆ. ಸ್ಪೇಡಿನಲ್ಲಿ ಇಬ್ಬರಿಗೂ ಏನೂ ಇಲ್ಲವೆಂದಾದರೆ ನಿಮ್ಮಿಬ್ಬರ ಪಾಯಿಂಟ್‌ಗಳೆಲ್ಲ ಉಳಿದ ಮೂರು ಸೂಟುಗಳಲ್ಲಿ ಕೆಲಸಕ್ಕೆ ಬರುತ್ತಿವೆ ಎಂದಾಯಿತು. ಎಣಿಸಿ ನೋಡಿ: ಇಬ್ಬರದೂ ಸೇರಿ 27 ಪಾಯಿಂಟ್, ಆ ಮೂರು ಸೂಟುಗಳ 30ರಲ್ಲಿ ನಿಮಗೆ ಬಾರದೆ ಉಳಿದದ್ದು ಕ್ಲಬ್ ರಾಣಿ ಮತ್ತು ಗುಲಾಮ ಮಾತ್ರ. ನೀವು ಧೈರ್ಯವಾಗಿ 5 ಡೈಮಂಡ್ ಎನ್ನಬಹುದು.

5 ಡೈಮಂಡ್ ಹೇಗೆ ಆಗುತ್ತದೆ ಎಂಬುದನ್ನೂ ಹೇಳಬೇಕು. ಸ್ಪೇಡಿನಲ್ಲಿ ಎರಡು ಟ್ರಿಕ್ ಹೋಗುತ್ತವೆ, ಅಷ್ಟೆ. ತುರುಪಿನಲ್ಲಿ ನಿಮ್ಮ ಕೈಯ ಐದು, ಹಾರ್ಟಿನಲ್ಲಿ ಮೂರು, ಕ್ಲಬ್ಬಿನಲ್ಲಿ ಎಕ್ಕ ಮತ್ತು ರಾಜ ಎರಡು, ಒಟ್ಟು ಹತ್ತು. ನಿಮ್ಮ ಮೂರನೆಯ ಸ್ಪೇಡನ್ನು ಜೊತೆಗಾರರ ನಾಲ್ಕೆಲೆಯ ತುರುಪಿನಿಂದ ಹೊಡೆದರೆ ಹನ್ನೊಂದು. ಅಂಕಗಳ ಲೆಕ್ಕವೂ ಕುತೂಹಲದ್ದೇ. ವಲ್ನರಬಲ್ (ಬಹುಮಾನ, ದಂಡ ಎರಡೂ ಹೆಚ್ಚಿರುವ ಸ್ಥಿತಿ) ಅಲ್ಲದಾಗ 5 ಡೈಮಂಡಿಗೆ ಟ್ರಿಕ್ಕಿಗೆ 20ರಂತೆ 100, ಗೇಮಿಗೆ (ಬಿಡ್ಡಿನ ಅಂಕ 100 ಮುಟ್ಟಿದ್ದಕ್ಕೆ) 300, ಒಟ್ಟು 400. ಸರಿಯಾಗಿ ಒಂಬತ್ತು ಟ್ರಿಕ್ ಆದ 3 ನೋ ಟ್ರಂಪಿಗೂ ಮೊದಲ ಟ್ರಿಕ್ಕಿಗೆ 40, ಮುಂದಿನ ಎರಡಕ್ಕೆ 30ರಂತೆ 100, ಗೇಮಿಗೆ 300, ಅದೇ 400. ಅಂಕ ಒಂದೇ ಆದರೂ ಒಂದಕ್ಕೆ ಒಂಬತ್ತು ಟ್ರಿಕ್ ಸಾಕು, ಇನ್ನೊಂದಕ್ಕೆ ಹನ್ನೊಂದು ಬೇಕು. ಮೈನರ್ ಸೂಟಿನ ಬೆಂಬಲದ ಮೊದಲ ಗುರಿ ಯಾವಾಗಲೂ 3 ನೋ ಟ್ರಂಪ್ ಆಗಿರುವುದು ಈ ಕಾರಣಕ್ಕೇ. ಈ ಕನ್ವೆನ್ಷನ್ನಿನ ಬೆಲೆ ಇರುವುದು 3 ನೋ ಟ್ರಂಪ್ ಯಾವಾಗ ಬೇಡ ಎಂಬುದನ್ನು ಅದು ಸಮಯಕ್ಕೆ ತಿಳಿಸುವುದರಲ್ಲಿ.

ಪ್ರಶ್ನೆ: ಕೈಯಲ್ಲಿ ಬಲ ಇಲ್ಲದಾಗ ಸುಮ್ಮನಿರಬೇಕು ಎಂದು ಹಿರಿಯರು ಕಲಿಸಿದ್ದರು. ಇನ್ವರ್ಟೆಡ್ ಪದ್ಧತಿಯಲ್ಲಿ 5 ಪಾಯಿಂಟ್ ಇಟ್ಟುಕೊಂಡು 3 ಡೈಮಂಡಿಗೆ ಜಿಗಿಯಿರಿ ಎನ್ನುತ್ತಾರೆ. ಇದು ನಮ್ಮ ಕಾಲಿನ ಮೇಲೆ ನಾವೇ ಕಲ್ಲು ಹಾಕಿಕೊಂಡಂತೆ ಆಗುವುದಿಲ್ಲವೇ?
ಓದುಗರು, ವಿದ್ಯಾಗಿರಿ, ಬಾಗಲಕೋಟೆ

ಉತ್ತರ: ನಿಮ್ಮ ಹಿರಿಯರು ಹೇಳಿದ್ದು ಬೆಂಬಲವಿಲ್ಲದ ಕೈಗೆ ಸರಿ. ಬೆಂಬಲ ಚೆನ್ನಾಗಿದ್ದಾಗ ಲೆಕ್ಕ ಬದಲಾಗುತ್ತದೆ. ಈ ಕೈ ನೋಡಿ: ಸ್ಪೇಡ್ 8, ಹಾರ್ಟ್ 9, 6, 4, ಡೈಮಂಡ್ ರಾಣಿ, 10, 9, 7, 5, ಕ್ಲಬ್ ರಾಜ, 8, 5, 2. ಜೊತೆಗಾರರು 1 ಡೈಮಂಡ್ ತೆರೆದರು, ಬಲಗಡೆಯ ಎದುರಾಳಿ ಪಾಸ್. ನಿಮ್ಮಲ್ಲಿ ಸ್ಪೇಡ್ ಒಂದೇ ಇರುವುದರಿಂದ ಉಳಿದ 12 ಸ್ಪೇಡ್‌ಗಳಲ್ಲಿ ಹೆಚ್ಚಿನವು ಎದುರಾಳಿಗಳ ಕೈಯಲ್ಲಿವೆ ಎಂದು ಊಹಿಸಬಹುದು. ನೀವು ಪಾಸ್ ಹೇಳಿದರೆ ಎಡಗಡೆಯವರು ಆರಾಮಾಗಿ 1 ಸ್ಪೇಡ್ ಎನ್ನುತ್ತಾರೆ. 2 ಡೈಮಂಡ್ ಎಂದರೂ 2 ಸ್ಪೇಡ್ ಎನ್ನುವುದು ಅವರಿಗೆ ಕಷ್ಟವಲ್ಲ. ನೀವು 3 ಡೈಮಂಡ್ ಎಂದರೆ 12 ಪಾಯಿಂಟಿನ ಕೈ ಹಿಡಿದ ಅದೇ ಎದುರಾಳಿ ತನ್ನ ಮೊದಲ ಮಾತನ್ನೇ 3 ಸ್ಪೇಡಿನಿಂದ ಆರಂಭಿಸಬೇಕಾಗುತ್ತದೆ. ಜೊತೆಗಾರನ ಹತ್ತಿರ ಏನಿದೆ ಎಂದು ತಿಳಿಯದೆ ಅಷ್ಟು ಎತ್ತರದಲ್ಲಿ ಮಾತನಾಡುವುದು ಯಾರಿಗಾದರೂ ಕಷ್ಟ. ಹಾಗಾಗಿ ಅವರು ಗೇಮ್ ತಪ್ಪಿಸಿಕೊಳ್ಳಬಹುದು, ತಪ್ಪು ಸೂಟಿಗೆ ಹೋಗಬಹುದು, ಅಥವಾ ಆಗದ ಗೇಮಿಗೆ ಏರಬಹುದು.

ಇದರ ಹಿಂದೆ ಒಂದು ತತ್ವವೂ ಇದೆ. ಫ್ರಾನ್ಸಿನ ಜಾನ್ ರೆನೆ ವೆರ್ನ್ ಎಂಬವರು ರೂಪಿಸಿದ ಒಟ್ಟು ಟ್ರಿಕ್‌ಗಳ ನಿಯಮದ ಪ್ರಕಾರ ಎರಡೂ ಪಕ್ಷಗಳು ತಂತಮ್ಮ ಒಳ್ಳೆಯ ತುರುಪಿನಲ್ಲಿ ಗಳಿಸಬಹುದಾದ ಟ್ರಿಕ್‌ಗಳ ಮೊತ್ತವು ಎರಡೂ ಪಕ್ಷಗಳ ತುರುಪಿನ ಎಲೆಗಳ ಮೊತ್ತಕ್ಕೆ ಹತ್ತಿರವಾಗಿರುತ್ತದೆ. ಇದರಿಂದ ಬಂದ ಸರಳ ಸೂತ್ರವೇನೆಂದರೆ ನಮ್ಮಿಬ್ಬರಲ್ಲಿ ಒಂಬತ್ತು ತುರುಪಿದ್ದರೆ ಒಂಬತ್ತು ಟ್ರಿಕ್ಕಿನ ಮಟ್ಟದವರೆಗೆ, ಎಂದರೆ ಮೂರರ ಮಟ್ಟದವರೆಗೆ ಹೋಗುವುದು ಸಾಮಾನ್ಯವಾಗಿ ನಷ್ಟದ ಮಾತಲ್ಲ. ಎದುರಾಳಿಗಳು 4 ಸ್ಪೇಡ್ ಮಾಡಬಲ್ಲ ಕೈಯಲ್ಲಿ ಅವರಿಗೆ ವಲ್ನರಬಲ್ ಅಲ್ಲದಿದ್ದರೂ 420 ಸಿಗುತ್ತದೆ. ನಾವು 3 ಡೈಮಂಡಿನಲ್ಲಿ ಡಬಲ್ ಆಗಿ (ಎದುರಾಳಿ ಡಬಲ್ ಎಂದು ದಂಡ ಹೆಚ್ಚಿಸಿ) ಎರಡು ಕಡಿಮೆ ಬಿದ್ದರೂ 300.

ಆದರೆ ಒಂದು ಎಚ್ಚರವನ್ನು ನಾನು ಒತ್ತಿ ಹೇಳುತ್ತೇನೆ. 1 ಡೈಮಂಡ್ ತೆರೆದವರಲ್ಲಿ ಡೈಮಂಡ್ ಮೂರೇ ಇರುವುದು ಒಂದೇ ಸಂದರ್ಭದಲ್ಲಿ: ಎರಡೂ ಮೇಜರ್ ನಾಲ್ಕು ನಾಲ್ಕು, ಡೈಮಂಡ್ ಮೂರು, ಕ್ಲಬ್ ಎರಡು ಇದ್ದಾಗ. ಆದ್ದರಿಂದ ಐದು ಡೈಮಂಡಿನೊಂದಿಗೆ ಜಿಗಿದರೆ ಒಂಬತ್ತು ತುರುಪು ಬಹುತೇಕ ಖಚಿತ. 1 ಕ್ಲಬ್ಬಿನ ವಿಷಯ ಹಾಗಲ್ಲ. ಐದೆಲೆಯ ಮೇಜರ್ ಇದ್ದರೆ ಮಾತ್ರ ಮೇಜರ್ ತೆರೆಯುವ ನಮ್ಮ ಪದ್ಧತಿಯಲ್ಲಿ ಮೂರು ಕ್ಲಬ್ ಇಟ್ಟುಕೊಂಡು 1 ಕ್ಲಬ್ ತೆರೆಯುವುದು ದಿನನಿತ್ಯದ ಸಂಗತಿ. 3 ಕ್ಲಬ್ಬಿಗೆ ಜಿಗಿಯುವಾಗ ಆರು ಎಲೆ ಇರಲಿ, ಇಲ್ಲವೇ ಐದರಲ್ಲಿ ದೊಡ್ಡ ಎಲೆಗಳಿರಲಿ. ವಲ್ನರಬಲ್ ಆಗಿದ್ದಾಗ ಇದನ್ನು ಮೀರಬೇಡಿ. ಡಬಲ್ ಆಗಿ ಎರಡು ಬಿದ್ದರೆ 500 ಹೋಗುತ್ತದೆ.

6ರಿಂದ 9 ಪಾಯಿಂಟಿನ, ಸಮತೂಕದ ಎಲೆಗಳ ಕೈ ಬಂದರೆ ಎರಡಕ್ಕೂ ಏರಿಸಬೇಡಿ, ಮೂರಕ್ಕೂ ಜಿಗಿಯಬೇಡಿ. ಅದಕ್ಕೆ 1 ನೋ ಟ್ರಂಪ್ ಇದೆ. ತೊಂದರೆ ಇರುವುದು 8 ಅಥವಾ 9 ಪಾಯಿಂಟ್ ಇದ್ದು, ಒಂದು ಸೂಟಿನಲ್ಲಿ ಒಂದೇ ಎಲೆಯಿರುವ ಕೈಯಲ್ಲಿ. ಅದು ಜಿಗಿಯಲು ಹೆಚ್ಚು, ಮೆಲ್ಲಗೆ ಹೋಗಲು ಕಡಿಮೆ. ಈ ಕನ್ವೆನ್ಷನ್ನಿನ ನಿಜವಾದ ದೌರ್ಬಲ್ಯ ಇದೇ ಎಂದು ನನ್ನ ಅಭಿಪ್ರಾಯ. ಅಂಥ ಕೈ ಬಂದಾಗ ನಾನು ಮೂರಕ್ಕೇ ಜಿಗಿಯುತ್ತೇನೆ.

ಪ್ರಶ್ನೆ: 11 ಪಾಯಿಂಟ್, ಐದು ಡೈಮಂಡ್, ಜೊತೆಗೆ ನಾಲ್ಕು ಹಾರ್ಟ್ ಇವೆ. ಜೊತೆಗಾರರ 1 ಡೈಮಂಡಿಗೆ ಬೆಂಬಲ ಮೊದಲೋ, ಹಾರ್ಟ್ ಮೊದಲೋ?
ಓದುಗರು, ಜಮಖಂಡಿ

ಉತ್ತರ: ಹಾರ್ಟ್ ಮೊದಲು. 1 ಹಾರ್ಟ್ ಎನ್ನಿ. ಜೊತೆಗಾರರಲ್ಲಿಯೂ ನಾಲ್ಕು ಹಾರ್ಟ್ ಇದ್ದರೆ ಹತ್ತು ಟ್ರಿಕ್ಕಿನ ಗೇಮ್ ಸಿಗುತ್ತದೆ, ಹನ್ನೊಂದಕ್ಕೆ ಪರದಾಡಬೇಕಾಗಿಲ್ಲ. ಡೈಮಂಡ್ ಎಲ್ಲಿಗೂ ಓಡಿ ಹೋಗುವುದಿಲ್ಲ, ಮುಂದಿನ ಸುತ್ತಿನಲ್ಲಿ ಹೇಳಬಹುದು. ಹಾಗಾಗಿ ಇನ್ವರ್ಟೆಡ್ ಪದ್ಧತಿಯಲ್ಲಿ 2 ಡೈಮಂಡ್ ಎಂದವರ ಕೈಯಲ್ಲಿ ನಾಲ್ಕೆಲೆಯ ಮೇಜರ್ ಇಲ್ಲ ಎಂದೇ ಜೊತೆಗಾರರು ತಿಳಿಯುತ್ತಾರೆ. ಆಮೇಲೆ ಅವರು ಹೇಳುವ 2 ಹಾರ್ಟ್, 2 ಸ್ಪೇಡ್‌ಗಳು ತಡೆಯನ್ನು ತೋರಿಸುತ್ತವೆಯೇ ಹೊರತು ಆ ಸೂಟಿನಲ್ಲಿ ಆಡೋಣವೇ ಎಂದು ಕೇಳುವುದಿಲ್ಲ.

ಪ್ರಶ್ನೆ: 2018ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಜೋಡಿಯೊಂದು ಬ್ರಿಡ್ಜ್‌ನಲ್ಲಿ ಚಿನ್ನ ಗೆದ್ದ ಸುದ್ದಿ ಓದಿ ಈ ಆಟ ಕಲಿತವಳು ನಾನು. ಇನ್ವರ್ಟೆಡ್ ಮೈನರ್ ಯಾರು ಕಂಡುಹಿಡಿದರು? ನಮ್ಮ 1 ನೋ ಟ್ರಂಪ್ 15ರಿಂದ 17 ಪಾಯಿಂಟ್. ಅದರೊಂದಿಗೆ ಇದು ಹೊಂದುತ್ತದೆಯೇ?
ಓದುಗರು, ವಿಜಯಪುರ

ಉತ್ತರ: ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಅವರ ಆ ಚಿನ್ನ ನನ್ನಂಥ ಹಳಬರಿಗೂ ಹಬ್ಬವಾಗಿತ್ತು. ನಿಮ್ಮ ಎರಡು ಪ್ರಶ್ನೆಗಳೂ ಒಂದಕ್ಕೊಂದು ತಳುಕು ಹಾಕಿಕೊಂಡಿರುವುದರಿಂದ ಒಟ್ಟಿಗೇ ಉತ್ತರಿಸುತ್ತೇನೆ. 1950ರ ದಶಕದಲ್ಲಿ ಅಮೆರಿಕದ ಎಡ್ಗರ್ ಕ್ಯಾಪ್ಲನ್ ಮತ್ತು ಆಲ್ಫ್ರೆಡ್ ಶೈನ್‌ವೋಲ್ಡ್ ರೂಪಿಸಿದ ಬಿಡ್ಡಿಂಗ್ ಪದ್ಧತಿಯ ಭಾಗವಾಗಿ ಇದು ಹೆಸರಾಯಿತು. ಆ ಪದ್ಧತಿಯಲ್ಲಿ 1 ನೋ ಟ್ರಂಪ್ ಎಂದರೆ 12ರಿಂದ 14 ಪಾಯಿಂಟ್. ಇದರ ಪರಿಣಾಮವನ್ನು ಯೋಚಿಸಿ: ಸಮತೂಕದ ಸಣ್ಣ ಕೈಗಳೆಲ್ಲ 1 ನೋ ಟ್ರಂಪಿಗೆ ಹೋಗಿಬಿಟ್ಟ ಮೇಲೆ 1 ಕ್ಲಬ್ ಅಥವಾ 1 ಡೈಮಂಡ್ ತೆರೆದವರಲ್ಲಿ ಒಂದೋ ನಿಜವಾದ ಉದ್ದನೆಯ ಸೂಟ್ ಇರುತ್ತದೆ, ಇಲ್ಲವೇ 15ಕ್ಕೆ ಕಡಿಮೆಯಿಲ್ಲದ ಬಲ ಇರುತ್ತದೆ. ಹಾಗಿರುವಾಗ ದುರ್ಬಲ ಕೈಯಿಂದ ಮೂರಕ್ಕೆ ಜಿಗಿಯುವುದು ಅಷ್ಟು ಅಪಾಯದ್ದಲ್ಲ, 10 ಪಾಯಿಂಟಿನಿಂದ ಎರಡಕ್ಕೆ ಏರಿಸಿ ಪಾಸ್ ಹೇಳಬೇಡಿ ಎನ್ನುವುದೂ ಸಹಜ.

ನಾವು 15ರಿಂದ 17ರ ನೋ ಟ್ರಂಪ್ ಆಡುವವರು. ನಮ್ಮ 1 ಡೈಮಂಡಿನ ಹಿಂದೆ ಹೆಚ್ಚಾಗಿ ಇರುವುದು ಅದೇ 12ರಿಂದ 14ರ ಸಮತೂಕದ ಕೈ. ಆದ್ದರಿಂದ ಈ ಕನ್ವೆನ್ಷನ್ ನಮಗೂ ಹೊಂದುತ್ತದೆ, ಆದರೆ ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲೇ ಮಾತಾಡಿಕೊಂಡಿರಬೇಕು. ನಾನು ಹೊಸ ಜೋಡಿಗಳಿಗೆ ಹೇಳುವ ಕ್ರಮ ಇದು. 2 ಡೈಮಂಡಿನ ಮೇಲೆ, ಬಿಡ್ ತೆರೆದವರು 12ರಿಂದ 14 ಪಾಯಿಂಟಿನ ಸಮತೂಕದ ಕೈಯಲ್ಲಿ ಮೇಜರ್ ಸೂಟುಗಳಿಗೆ ತಡೆ ಇದ್ದರೆ 2 ನೋ ಟ್ರಂಪ್ ಎನ್ನಲಿ. 10 ಅಥವಾ 11 ಪಾಯಿಂಟ್ ಇರುವ ಜೊತೆಗಾರರು ಅಲ್ಲಿ ಪಾಸ್ ಹೇಳಬಹುದು, 12 ಅಥವಾ ಹೆಚ್ಚಿದ್ದರೆ 3 ನೋ ಟ್ರಂಪಿಗೆ ಹೋಗಬಹುದು. ಉದ್ದನೆಯ ಡೈಮಂಡ್ ಇದ್ದು ಬಲ ಕಡಿಮೆಯಿದ್ದರೆ 3 ಡೈಮಂಡ್ ಎನ್ನಲಿ, ಅಲ್ಲಿಯೂ ಪಾಸ್ ಹೇಳಬಹುದು. 18 ಅಥವಾ 19ರ ಸಮತೂಕದ ಕೈ ನೇರವಾಗಿ 3 ನೋ ಟ್ರಂಪಿಗೆ ಹೋಗಲಿ. ಉಳಿದಂತೆ 2 ಹಾರ್ಟ್, 2 ಸ್ಪೇಡ್, 3 ಕ್ಲಬ್ ಯಾವುದೂ ತಡೆಯನ್ನೇ ತೋರಿಸುತ್ತದೆ, ಅದರ ಮೇಲೆ ಪಾಸ್ ಇಲ್ಲ. ಮೊದಲ ಪ್ರಶ್ನೆಯ ಕೈಯಲ್ಲಿ 14 ಪಾಯಿಂಟ್ ಇದ್ದರೂ 2 ನೋ ಟ್ರಂಪ್ ಎನ್ನದೆ 2 ಹಾರ್ಟ್ ಎಂದದ್ದು ಸ್ಪೇಡ್ ತೆರೆದುಬಿದ್ದಿತ್ತು ಎಂಬ ಕಾರಣಕ್ಕೆ.

ಕ್ಲಬ್ಬಿನ ಬಗ್ಗೆ ಇನ್ನೊಂದು ಮಾತು. ಜೊತೆಗಾರರ ಕ್ಲಬ್ ಮೂರೇ ಇರಬಹುದಾದ್ದರಿಂದ 2 ಕ್ಲಬ್ಬಿಗೆ ಏರಿಸಲು ಐದು ಎಲೆ ಇರುವುದು ಒಳ್ಳೆಯದು. ನಾಲ್ಕೇ ಕ್ಲಬ್ ಇದ್ದು ಉಳಿದ ಸೂಟುಗಳು ಮೂರು ಮೂರು ಇದ್ದರೆ ನೋ ಟ್ರಂಪಿನ ದಾರಿಯೇ ಸರಿ.

ಪ್ರಶ್ನೆ: ನಾನು 1 ಡೈಮಂಡ್ ತೆರೆದೆ, ಎಡಗಡೆಯವರು ಡಬಲ್ ಎಂದರು, ಜೊತೆಗಾರರು 2 ಡೈಮಂಡ್ ಎಂದರು. ಇನ್ವರ್ಟೆಡ್ ಎಂದು ತಿಳಿದು ನಾನು 3 ನೋ ಟ್ರಂಪಿಗೆ ಹೋದೆ. ಅವರ ಕೈಯಲ್ಲಿದ್ದದ್ದು 6 ಪಾಯಿಂಟ್. ಯಾರದು ತಪ್ಪು?
ಓದುಗರು, ಶಹಾಪುರ, ಬೆಳಗಾವಿ

ಉತ್ತರ: ಮಾತಾಡಿಕೊಳ್ಳದೆ ಕೂತದ್ದು ಇಬ್ಬರದೂ ತಪ್ಪು. ಆದರೆ ರೂಢಿ ನಿಮ್ಮ ಜೊತೆಗಾರರ ಕಡೆಗಿದೆ. ಎದುರಾಳಿ ನಡುವೆ ಬಾಯಿ ಹಾಕಿದ ಕ್ಷಣದಿಂದ ಇನ್ವರ್ಟೆಡ್ ಅರ್ಥ ರದ್ದಾಗುತ್ತದೆ ಎಂದೇ ಹೆಚ್ಚಿನ ಜೋಡಿಗಳು ಒಪ್ಪಿಕೊಂಡಿರುತ್ತಾರೆ. ಅದಕ್ಕೆ ಕಾರಣವೂ ಇದೆ. ಎದುರಾಳಿ ಮಾತಾಡಿದಾಗ ನಮಗೆ ಬಲವನ್ನು ತೋರಿಸಲು ಬೇರೆ ಬಿಡ್‌ಗಳು ಹೊಸದಾಗಿ ಸಿಗುತ್ತವೆ, ಅದೇ ಹೊತ್ತಿಗೆ 6ರಿಂದ 9 ಪಾಯಿಂಟಿನ ಸಾಧಾರಣ ಬೆಂಬಲವನ್ನು ಕೂಡಲೇ ಹೇಳುವ ತುರ್ತು ಹೆಚ್ಚಾಗುತ್ತದೆ.

ಡಬಲ್ ಬಂದರೆ 2 ಡೈಮಂಡ್ ಸಾಧಾರಣ ಬೆಂಬಲ, 3 ಡೈಮಂಡ್ ದುರ್ಬಲ ಜಿಗಿತ, ಬೆಂಬಲದೊಂದಿಗೆ 10 ಅಥವಾ ಹೆಚ್ಚು ಪಾಯಿಂಟ್ ಇದ್ದರೆ 2 ನೋ ಟ್ರಂಪ್. ಈ 2 ನೋ ಟ್ರಂಪಿಗೆ ನೋ ಟ್ರಂಪ್ ಆಡುವ ಆಸೆ ಇಲ್ಲ, ಅದು ಒಳ್ಳೆಯ ಬೆಂಬಲದ ಸಂಕೇತ ಮಾತ್ರ. ಜೋರ್ಡನ್ ಎಂದೂ ಟ್ರಸ್ಕಾಟ್ ಎಂದೂ ಇದನ್ನು ಕರೆಯುತ್ತಾರೆ. ಬೆಂಬಲವಿಲ್ಲದ 10 ಪಾಯಿಂಟಿಗೆ ರೀಡಬಲ್ (ಡಬಲ್ ಮೇಲೆ ಮತ್ತೆ ಡಬಲ್) ಇದೆ. ಎದುರಾಳಿ ಡಬಲ್ ಬದಲು 1 ಸ್ಪೇಡ್ ಎಂದಿದ್ದರೆ, ಅವರದೇ ಸೂಟನ್ನು ಏರಿಸಿ 2 ಸ್ಪೇಡ್ ಎನ್ನುವುದೇ ಒಳ್ಳೆಯ ಬೆಂಬಲದ ಸಂಕೇತ. ಅಲ್ಲಿಯೂ 2 ಡೈಮಂಡ್ ಸಾಧಾರಣ, 3 ಡೈಮಂಡ್ ದುರ್ಬಲ.

ನೀವೇ ಮೊದಲು ಪಾಸ್ ಹೇಳಿ, ಆಮೇಲೆ ಜೊತೆಗಾರರು ಮೂರನೆಯ ಸ್ಥಾನದಲ್ಲಿ 1 ಡೈಮಂಡ್ ತೆರೆದಾಗಲೂ ಇದೇ ಬಗೆಯ ಗೊಂದಲ ಬರುತ್ತದೆ. ಮೂರನೆಯ ಸ್ಥಾನದವರು ಒಂದೆರಡು ಪಾಯಿಂಟ್ ಕಡಿಮೆ ಇದ್ದರೂ ತೆರೆಯುವುದುಂಟು. ಅಲ್ಲಿ 2 ಡೈಮಂಡಿನ ಮೇಲೆ ಪಾಸ್ ಹೇಳಲು ಅವರಿಗೆ ಅವಕಾಶ ಕೊಡಿ.

ಪ್ರಶ್ನೆ: 10 ಪಾಯಿಂಟ್ ಇದ್ದರೂ 2 ಕ್ಲಬ್, 17 ಇದ್ದರೂ 2 ಕ್ಲಬ್. ಬಿಡ್ ತೆರೆದವರಿಗೆ ಇದರಿಂದ ಏನು ತಿಳಿಯಬೇಕು? ಕ್ರಿಸ್‌ಕ್ರಾಸ್ ಎಂಬುದೊಂದಿದೆ ಎಂದು ಕೇಳಿದ್ದೇನೆ.
ಓದುಗರು, ಗೋಕಾಕ

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದದ್ದು. ಕ್ರಿಸ್‌ಕ್ರಾಸ್ ಪದ್ಧತಿಯಲ್ಲಿ 10ರಿಂದ 12ರ ಬೆಂಬಲವನ್ನು ಇನ್ನೊಂದು ಮೈನರ್ ಸೂಟಿಗೆ ಜಿಗಿದು ತೋರಿಸುತ್ತಾರೆ: 1 ಕ್ಲಬ್ಬಿಗೆ 2 ಡೈಮಂಡ್, 1 ಡೈಮಂಡಿಗೆ 3 ಕ್ಲಬ್. ಆಗ 2 ಕ್ಲಬ್, 2 ಡೈಮಂಡ್‌ಗಳು 13 ಅಥವಾ ಹೆಚ್ಚು ಪಾಯಿಂಟಿಗೆ ಮೀಸಲಾಗಿ, ಗೇಮ್ ಮುಟ್ಟುವವರೆಗೆ ಯಾರೂ ಪಾಸ್ ಹೇಳುವಂತಿಲ್ಲ. ಅದೇ ಜಿಗಿತವನ್ನು ಬೇರೆ ಅರ್ಥಕ್ಕೆ ಬಳಸುತ್ತಿದ್ದವರು ಆ ಅರ್ಥವನ್ನು ಬಿಟ್ಟುಕೊಡಬೇಕಾಗುತ್ತದೆ. ಕ್ಲಬ್ಬಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಡೈಮಂಡಿನಲ್ಲಿ 3 ಕ್ಲಬ್ ಎಂದ ಮೇಲೆ ತಡೆ ಹುಡುಕಲು ಉಳಿಯುವ ಜಾಗ ಬಹಳ ಕಡಿಮೆ ಎಂಬುದು ನನ್ನ ಅನುಭವ. ವರ್ಷವಿಡೀ ಒಬ್ಬರೇ ಜೊತೆಗಾರರೊಂದಿಗೆ ಆಡುವವರು ಇದನ್ನು ತೆಗೆದುಕೊಳ್ಳಲಿ. ವಾರಕ್ಕೊಬ್ಬ ಜೊತೆಗಾರ ಬದಲಾಗುವವರಿಗೆ ಮೇಲೆ ವಿಜಯಪುರದ ಓದುಗರಿಗೆ ಹೇಳಿದ ಸರಳ ಕ್ರಮವೇ ಸಾಕು.

ಪ್ರಶ್ನೆ: ನಾನು ಮತ್ತು ನಮ್ಮ ಯಜಮಾನರು ಜೋಡಿಯಾಗಿ ಆಡುತ್ತೇವೆ. ಒಪ್ಪಂದ ಮಾಡಿಕೊಂಡರೂ ಮೇಜಿನ ಮೇಲೆ ಒಬ್ಬರು ಮರೆಯುತ್ತೇವೆ. ಮರೆತದ್ದು ಗೊತ್ತಾದಾಗ ಏನು ಮಾಡಬೇಕು? ಎದುರಾಳಿಗಳಿಗೆ ಎಷ್ಟು ಹೇಳಬೇಕು?
ಓದುಗರು, ಜಲನಗರ, ವಿಜಯಪುರ

ಉತ್ತರ: ಈ ಪತ್ರ ಓದಿದಾಗ ನನಗೆ ಹಳೆಯದೊಂದು ಸಂಜೆ ನೆನಪಾಯಿತು. ನಾನು ಈ ಕನ್ವೆನ್ಷನ್ ಹೊಸದಾಗಿ ಕಲಿತ ದಿನಗಳಲ್ಲಿ 12 ಪಾಯಿಂಟಿನ ಕೈಯಿಂದ 1 ಕ್ಲಬ್ ತೆರೆದಿದ್ದೆ, ಜೊತೆಗಾರರು 2 ಕ್ಲಬ್ ಎಂದರು. ಹತ್ತು ವರ್ಷದ ಹಳೆಯ ಅಭ್ಯಾಸ ನನ್ನ ಬಾಯಿಂದ ಪಾಸ್ ಎನಿಸಿಬಿಟ್ಟಿತು. ಅವರು ಡಮ್ಮಿಯಾಗಿ ಎಲೆಗಳನ್ನು ಒಂದೊಂದೇ ಸಾಲಾಗಿ ಇಡುತ್ತ ಹೋದಂತೆ ಎಕ್ಕಗಳು ಮೂರು, ರಾಜ ಒಂದು, ರಾಣಿ ಒಂದು ಎಂದು ಎಣಿಸುತ್ತ ನಾನು ತಣ್ಣಗಾದೆ. 17 ಪಾಯಿಂಟ್ ಇದ್ದವು. 3 ನೋ ಟ್ರಂಪ್ ಸುಲಭವಾಗಿ ಆಗುತ್ತಿತ್ತು. ಅವರು ಒಂದು ಮಾತೂ ಆಡಲಿಲ್ಲ. ಮರುದಿನ ಒಂದು ಪೋಸ್ಟ್ ಕಾರ್ಡಿನಷ್ಟು ದಪ್ಪ ಕಾಗದದ ಮೇಲೆ ನಮ್ಮ ಒಪ್ಪಂದಗಳನ್ನೆಲ್ಲ ಬರೆದು ತಂದು ನನ್ನ ಕೈಗೆ ಕೊಟ್ಟರು. ಆ ಕಾಗದವನ್ನು ನಾನು ಆಟಕ್ಕೆ ಕೂರುವ ಮೊದಲು ಪ್ರತಿ ಸಲವೂ ಓದುತ್ತಿದ್ದೆ. ನೀವೂ ಹಾಗೆ ಬರೆದಿಟ್ಟುಕೊಂಡು ಆಟ ಆರಂಭವಾಗುವ ಮೊದಲು ಇಬ್ಬರೂ ಓದಿ. ಆಟ ನಡೆಯುತ್ತಿರುವಾಗ ಸ್ವಂತ ಒಪ್ಪಂದದ ಕಾಗದವನ್ನು ನೋಡಿ ನೆನಪು ಮಾಡಿಕೊಳ್ಳುವುದಕ್ಕೆ ಅವಕಾಶವಿಲ್ಲ, ಅದನ್ನು ನೋಡುವ ಹಕ್ಕು ಎದುರಾಳಿಗಳದು.

ಎದುರಾಳಿಗಳಿಗೆ ಪೂರ್ತಿ ಹೇಳಬೇಕು. ಬ್ರಿಡ್ಜ್‌ನಲ್ಲಿ ಕೈ ಮುಚ್ಚಿಟ್ಟುಕೊಳ್ಳಬಹುದು, ಒಪ್ಪಂದ ಮುಚ್ಚಿಡುವಂತಿಲ್ಲ. ಮೇಜಿನ ಸುತ್ತ ಕುಳಿತು ಆಡುವಾಗ ನಿಮ್ಮ ಯಜಮಾನರು 2 ಡೈಮಂಡ್ ಎಂದರೆ ನೀವು ಅಲರ್ಟ್ (ಈ ಬಿಡ್ಡಿಗೆ ವಿಶೇಷ ಅರ್ಥವಿದೆ ಎಂಬ ಸೂಚನೆ) ಎಂದು ಹೇಳಬೇಕು. ಎದುರಾಳಿ ಕೇಳಿದರೆ ಕನ್ವೆನ್ಷನ್ನಿನ ಹೆಸರು ಹೇಳಿ ಸುಮ್ಮನಾಗದೆ ಅದರ ಅರ್ಥವನ್ನೇ ಬಿಡಿಸಿ ಹೇಳಬೇಕು. ಬ್ರಿಡ್ಜ್ ಬೇಸ್ ಆನ್‌ಲೈನ್‌ನಲ್ಲಿ ಆಡುವಾಗ ಬಿಡ್ ಮಾಡಿದವರೇ ತಮ್ಮ ಬಿಡ್ಡನ್ನು ಅಲರ್ಟ್ ಮಾಡುತ್ತಾರೆ, ಅದು ಜೊತೆಗಾರರಿಗೆ ಕಾಣುವುದಿಲ್ಲ.

ಮರೆತ ಪ್ರಸಂಗ ಸೂಕ್ಷ್ಮವಾದದ್ದು. ನೀವು ದುರ್ಬಲ ಬೆಂಬಲವೆಂದು ತಿಳಿದು 2 ಡೈಮಂಡ್ ಎಂದಿರಿ; ಯಜಮಾನರು ಅಲರ್ಟ್ ಹೇಳಿ 10 ಪಾಯಿಂಟಿಗಿಂತ ಹೆಚ್ಚು ಎಂದು ವಿವರಿಸಿದಾಗ ನಿಮಗೆ ಒಪ್ಪಂದ ನೆನಪಾಯಿತು. ಆ ವಿವರಣೆ ಕಿವಿಗೆ ಬಿದ್ದಿದ್ದರೂ ಬೀಳದಂತೆಯೇ ನೀವು ಮುಂದಿನ ಬಿಡ್ ಮಾಡಬೇಕು, ಅದರ ಲಾಭ ಪಡೆದು ತಪ್ಪನ್ನು ತಿದ್ದಿಕೊಳ್ಳುವುದು ನಿಯಮಕ್ಕೆ ವಿರುದ್ಧ. ನಷ್ಟವಾದರೆ ಆಗಲಿ, ಆ ಕೈಯನ್ನು ಹಾಗೆಯೇ ಬಿಟ್ಟುಬಿಡಿ.

ಪ್ರಶ್ನೆ: ಕ್ಲಬ್ಬಿನಲ್ಲಿ ಸ್ಲಾಮ್ (12 ಅಥವಾ 13 ಟ್ರಿಕ್) ಆಗಬಹುದು ಎನ್ನಿಸಿದಾಗ 4 ನೋ ಟ್ರಂಪ್‌ನಿಂದ ಎಕ್ಕ ಕೇಳಿದರೆ ಸಾಕಲ್ಲವೇ?
ಓದುಗರು, ನವನಗರ, ಬಾಗಲಕೋಟೆ

ಉತ್ತರ: ಕೇಳುವ ಮೊದಲು ಬರಬಹುದಾದ ಉತ್ತರವನ್ನು ಯೋಚಿಸಿ. ಸಾಮಾನ್ಯ ಬ್ಲ್ಯಾಕ್‌ವುಡ್‌ನಲ್ಲಿ ಎಕ್ಕ ಇಲ್ಲದಿದ್ದರೆ ಅಥವಾ ನಾಲ್ಕೂ ಇದ್ದರೆ 5 ಕ್ಲಬ್, ಒಂದಿದ್ದರೆ 5 ಡೈಮಂಡ್, ಎರಡಿದ್ದರೆ 5 ಹಾರ್ಟ್, ಮೂರಿದ್ದರೆ 5 ಸ್ಪೇಡ್. ನಿಮ್ಮಲ್ಲಿ ಒಂದೇ ಎಕ್ಕ ಇದ್ದು ಜೊತೆಗಾರರೂ ಒಂದನ್ನೇ ತೋರಿಸಿದರೆ ಎರಡು ಎಕ್ಕ ಎದುರಾಳಿಗಳಲ್ಲಿವೆ, ನೀವು 5 ಕ್ಲಬ್ಬಿನಲ್ಲಿ ನಿಲ್ಲಬೇಕಿತ್ತು. ಆದರೆ 5 ಡೈಮಂಡ್ ಎಂಬ ಉತ್ತರ ಅದನ್ನು ಆಗಲೇ ದಾಟಿ ಹೋಗಿದೆ, ಉಳಿದದ್ದು ಸೋಲುವ 6 ಕ್ಲಬ್ ಮಾತ್ರ. ಡೈಮಂಡ್ ತುರುಪಾದಾಗ ಈ ತೊಂದರೆ ಒಂದು ಮೆಟ್ಟಿಲು ಕಡಿಮೆ. ಆದ್ದರಿಂದ ಎರಡಕ್ಕೆ ಏರಿಸಿ ಬೆಂಬಲ ಖಚಿತವಾದ ಮೇಲೆ ಅದೇ ಮೈನರ್ ಸೂಟನ್ನು ನಾಲ್ಕರ ಮಟ್ಟದಲ್ಲಿ ಹೇಳಿದರೆ ಅದೇ ಎಕ್ಕದ ಪ್ರಶ್ನೆ ಎಂದು ಕೆಲವು ಜೋಡಿಗಳು ಒಪ್ಪಿಕೊಂಡಿರುತ್ತಾರೆ. 4 ಕ್ಲಬ್ಬಿಗೆ ಉತ್ತರ 4 ಡೈಮಂಡ್‌ನಿಂದ ಆರಂಭವಾಗುತ್ತದೆ, ಮೆಟ್ಟಿಲೊಂದರಂತೆ ಏರಿದರೂ ಮೂರು ಎಕ್ಕದ ಉತ್ತರ 4 ನೋ ಟ್ರಂಪಿಗೇ ಮುಗಿಯುತ್ತದೆ, 5 ಕ್ಲಬ್ ಆಗಲೂ ನಿಮ್ಮ ಕೈಯಲ್ಲೇ ಇರುತ್ತದೆ.